ರಜೆಯಲ್ಲಿರುವ ಮಾಜಿ ಸಚಿವರನ್ನು ಸಮುದ್ರದಲ್ಲಿ ಪ್ರಶ್ನಿಸುವ ಕುರಿತು

ಸಂಖ್ಯೆ: ರಾಇ/ಬೇವಿವೇ/ಕಡಲು/07
ವೆಲಿಂಗ್ಟನ್, ಜನವರಿ 21

ವಿಷಯ: ರಾಜಕೀಯ ಇತಿಹಾಸ ಓದುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬೇಸಿಗೆ ಸಂಶೋಧನಾ ವಿದ್ಯಾರ್ಥಿವೇತನ, ಸಂಶೋಧನೆಯನ್ನು ಹದ್ದುಬಸ್ತಿನಲ್ಲಿಡುವ ಬಗ್ಗೆ.

ಉಲ್ಲೇಖ: (1) ಮಾಜಿ ಸಚಿವ ಶ್ರೀ ಕ್ಲಿಫರ್ಡ್ ಟ್ರೆಲೋರ್ ಅವರ ಅಳಿಯನ ದೂರು.
(2) ಸದರಿ ದೂರಿನ ವಿರುದ್ಧ ಶ್ರೀ ಟ್ರೆಲೋರ್ ಅವರ ದೂರು.

ಈ ವಿದ್ಯಾರ್ಥಿವೇತನವನ್ನು ನವೆಂಬರ್ ಕೊನೆಯಿಂದ ಹತ್ತು ವಾರ ನೀಡಲಾಗುತ್ತದೆ. ಈ ದೇಶದಲ್ಲಿ ಬೇಸಿಗೆ ಆಗಲೇ ಬರುವುದು ಹವಾಮಾನದ ತೀರ್ಮಾನ, ಇಲಾಖೆಯದಲ್ಲ. ಆದರೆ ಕ್ರಿಸ್‌ಮಸ್ ಬಂತೆಂದರೆ ಇಲ್ಲಿ ಬಾಗಿಲು ಹಾಕದಿರುವುದು ಸಮುದ್ರ ಒಂದೇ. ದಾಖಲೆಗಳ ಕೊಠಡಿಗೆ ಬೀಗ, ಬೀಗದ ಕೈ ದಾಖಲೆಗಳ ಪಾಲಕರ ಬಳಿ, ಪಾಲಕರು ಕಡಲತೀರದ ಗುಡಿಸಲಿನಲ್ಲಿ. ಈ ಸಂಗತಿಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡಿಲ್ಲ, ನೋಡಬೇಕಾದವರೂ ಕಡಲತೀರದಲ್ಲಿದ್ದರು. ಆದ ಕಾರಣ ಈ ಮೂಲಕ ಸೂಚಿಸಲಾಗಿದೆ:

1. ಕಚೇರಿ ಮುಚ್ಚಿರುವ ವಾರಗಳಲ್ಲಿ ವಿದ್ಯಾರ್ಥಿಗಳು ಯೋಚಿಸತಕ್ಕದ್ದು. ಯೋಚನೆಗೆ ಕಡತ ಬೇಕಾಗುವುದಿಲ್ಲವೆಂದು ಇಲಾಖೆ ಅನುಭವದಿಂದ ಬಲ್ಲದು.

2. ಬರಿಗಾಲಿನಲ್ಲಿರುವ ಮಾಜಿ ಸಚಿವರ ಹೇಳಿಕೆಯನ್ನು ಐತಿಹಾಸಿಕ ಆಧಾರವೆಂದು ಪರಿಗಣಿಸತಕ್ಕದ್ದಲ್ಲ. ರಬ್ಬರ್ ಚಪ್ಪಲಿ ಧರಿಸಿದ್ದಲ್ಲಿ ಅರ್ಧ ಆಧಾರ. ಒಂದೇ ಚಪ್ಪಲಿ ಇದ್ದು ಇನ್ನೊಂದು ಅಲೆಗೆ ಹೋಗಿದ್ದಲ್ಲಿ ಮೇಲಧಿಕಾರಿಗಳ ಗಮನಕ್ಕೆ ತರುವುದು.

3. ನೀರು ಮೊಣಕಾಲಿನವರೆಗಿದ್ದರೆ ಹೇಳಿದ್ದು ನೆನಪು, ಸೊಂಟದವರೆಗಿದ್ದರೆ ವೈಯಕ್ತಿಕ ಅಭಿಪ್ರಾಯ. ಅದಕ್ಕೂ ಮೇಲಾದಲ್ಲಿ ಮೊದಲು ಅವರನ್ನು ದಡಕ್ಕೆ ಎಳೆದುಕೊಳ್ಳತಕ್ಕದ್ದು. ಪ್ರಶ್ನೆ ಆಮೇಲೆ.

4. ಕೆಂಡದ ಮೇಲೆ ಸುಟ್ಟ ಸಾಸೇಜನ್ನು ಬ್ರೆಡ್ಡಿನಲ್ಲಿ ಸುತ್ತಿ ಕೊಟ್ಟಾಗ ಸ್ವೀಕರಿಸಿದ ವಿದ್ಯಾರ್ಥಿ ಅತಿಥಿಯಾಗುತ್ತಾನೆ/ಳೆ. ಅತಿಥಿ ಸಂಪುಟದ ನಿರ್ಣಯಗಳ ಬಗ್ಗೆ ಕೇಳುವಂತಿಲ್ಲ. ಆದರೆ ಊಟದ ನಂತರ ಪಾತ್ರೆ ಒರೆಸಿಕೊಟ್ಟವರು ಮನೆಯವರೇ ಎಂಬುದು ಇಲ್ಲಿನ ರೂಢಿ. ಈ ರೂಢಿಯೇ ಇಲಾಖೆಯನ್ನು ಇಕ್ಕಟ್ಟಿಗೆ ಸಿಲುಕಿಸಿದೆ.

5. ಹೇಗೆಂದರೆ: ವಿದ್ಯಾರ್ಥಿನಿ ಕುಮಾರಿ ವೈಮಾರಿಯೆ ಪೋಹಾತು ಅವರ ಸಂಶೋಧನಾ ವಿಷಯ, ಅವರ ಅಜ್ಜಿಯ ಊರಾದ ತೇವಾಕಾಗೆ ರೈಲು ನಿಂತದ್ದು ಏಕೆ ಎಂಬುದು. ರೈಲು ನಿಂತಿತು, ಹುಡುಗರು ಪಟ್ಟಣ ಸೇರಿದರು, ಶಾಲೆ ಮುಚ್ಚಿತು. ಯಾರು ನಿಲ್ಲಿಸಿದರೆಂಬುದು ಕಡತದಲ್ಲಿಲ್ಲ. ಅಜ್ಜಿ ಮಾತ್ರ ‘ಸಾಯೋದ್ರೊಳಗೆ ಒಂದು ಹೆಸರು ಹೇಳ್ರಪ್ಪಾ ಸಾಕು’ ಎಂದು ಕೇಳುತ್ತಲೇ ಬಂದಿದ್ದಾರೆ. ಅವರಿಗೀಗ ಎಂಬತ್ತೆಂಟು, ಆರೋಗ್ಯ ಅಷ್ಟಕ್ಕಷ್ಟೆ.

6. ಬೀಗ ತೆರೆಯುವವರೆಗೆ ಕಾಯುವಂತೆ ತಿಳಿಸಿದಾಗ ಕುಮಾರಿ ಪೋಹಾತು, ‘ನಿಮ್ಮ ಬೀಗ ಕಾಯುತ್ತೆ ಸಾರ್, ನಮ್ಮಜ್ಜಿ ಕಾಯಲ್ಲ’ ಎಂದಿರುತ್ತಾರೆ. ನಂತರ ಕಡಲತೀರಕ್ಕೆ ಹೋಗಿ, ಮೊಣಕಾಲುದ್ದ ನೀರಿನಲ್ಲಿ ಬರಿಗಾಲಲ್ಲಿ ನಿಂತು ಚಿಪ್ಪುಮೀನು ಕೆದಕುತ್ತಿದ್ದ, ರೈಲು ನಿಂತ ಕಾಲದ ಸಂಪುಟದಲ್ಲಿದ್ದ ಶ್ರೀ ಟ್ರೆಲೋರ್ ಅವರನ್ನು ಕಂಡು, ಸಾಸೇಜು ತಿಂದು, ಇಡೀ ಕುಟುಂಬದ ಪಾತ್ರೆಗಳನ್ನು ಒರೆಸಿ, ಅನಂತರ ರೈಲಿನ ಬಗ್ಗೆ ಕೇಳಿರುತ್ತಾರೆ. ಅಳಿಯ ‘ಮಾವನಿಗೆ ರಜಾ ಕಣಮ್ಮಾ’ ಎಂದು ಅಡ್ಡ ಬಂದದ್ದಕ್ಕೆ ಶ್ರೀ ಟ್ರೆಲೋರ್, ‘ನೀನು ಸುಮ್ನಿರಯ್ಯ, ನೀನು ಒಂದು ಚಮಚನಾದ್ರೂ ಒರೆಸಿದ್ಯಾ’ ಎಂದಿರುತ್ತಾರೆ.

7. ಅವರು ನೀಡಿದ ಹೇಳಿಕೆ: ‘ಕ್ರಿಸ್‌ಮಸ್‌ಗೆ ಎರಡು ದಿನ ಇತ್ತು ಮಗೂ. ಎಲ್ರೂ ಕಾರಿಗೆ ಸಾಮಾನು ತುಂಬ್ಕೊಂಡೇ ಸಭೆಗೆ ಬಂದಿದ್ವಿ. ನಿಮ್ಮೂರಿನ ರೈಲು ಇರ್ಲಿ ಅನ್ನೋದಾದ್ರೆ ಕಾರಣ ಬರೀಬೇಕು, ದಿನ ಪೂರ್ತಿ ಹೋಗೋದು. ಬೇಡ ಅಂದ್ರೆ ಒಂದೇ ಸಾಲು. ಆ ಸಾಲು ನಾನೇ ಬರೆದೆ.’

8. ಎರಡನೆಯ ನಿಯಮದಂತೆ ಈ ಹೇಳಿಕೆಯನ್ನು ವರದಿಯಿಂದ ತೆಗೆದುಹಾಕಲು ಆದೇಶಿಸಲಾಗಿತ್ತು. ಕಚೇರಿ ತೆರೆದ ದಿನವೇ ಶ್ರೀ ಟ್ರೆಲೋರ್ ಬೂಟು ಹಾಕಿಕೊಂಡು, ಟೈ ಕಟ್ಟಿಕೊಂಡು, ಊರುಗೋಲಿನೊಂದಿಗೆ ಮೆಟ್ಟಿಲು ಹತ್ತಿ ಬಂದು, ಅದೇ ಮಾತನ್ನು ಅಕ್ಷರ ಬಿಡದೆ ಪುನಃ ಹೇಳಿರುತ್ತಾರೆ. ಹೇಳಿಕೆಯನ್ನು ಒಪ್ಪಿಕೊಳ್ಳಲಾಗಿದೆ. ಅದನ್ನು ಅಳಿಸಲು ಹೊರಟದ್ದಕ್ಕೆ ಕೆಳಗೆ ಸಹಿ ಮಾಡಿರುವ ಅಧಿಕಾರಿಗೆ ನಾಚಿಕೆಯಾಗಿದೆ. ನಾಚಿಕೆಗೆ ಇಲಾಖೆಯಲ್ಲಿ ಪ್ರತ್ಯೇಕ ಶೀರ್ಷಿಕೆ ಇಲ್ಲದ ಕಾರಣ ‘ಇತರೆ’ ಎಂಬಲ್ಲಿ ನಮೂದಿಸಲಾಗಿದೆ.

9. ವಿದ್ಯಾರ್ಥಿವೇತನವನ್ನು ಚಳಿಗಾಲಕ್ಕೆ ಬದಲಾಯಿಸುವ ಸಲಹೆಯನ್ನು ಪರಿಶೀಲಿಸಲು ಸಮಿತಿ ರಚಿಸಲಾಗಿದೆ. ಸಮಿತಿಯ ಸಭೆ ಡಿಸೆಂಬರ್ 23ರ ಮಧ್ಯಾಹ್ನ ನಡೆಯುವುದು. ಸದಸ್ಯರು ಸಾಮಾನು ತುಂಬಿಕೊಂಡೇ ಬರಬಹುದು.

(ಸಹಿ)
ಗಿಲ್ಬರ್ಟ್ ಓಕ್‌ಡೆನ್
ಉಪನಿರ್ದೇಶಕರು (ಬೇಸಿಗೆ)

ಪ್ರತಿಗಳು:
– ದಾಖಲೆಗಳ ಪಾಲಕರಿಗೆ, ಅವರು ಹಿಂತಿರುಗಿದಲ್ಲಿ.
– ಶ್ರೀ ಟ್ರೆಲೋರ್ ಅವರ ಅಳಿಯನಿಗೆ, ಒಂದು ಪಾತ್ರೆ ಒರೆಸುವ ಬಟ್ಟೆಯೊಂದಿಗೆ.
– ಕುಮಾರಿ ವೈಮಾರಿಯೆ ಪೋಹಾತು ಅವರಿಗೆ, ವೇತನ ಮುಂದುವರಿದಿದೆ.
– ಸದರಿಯವರ ಅಜ್ಜಿ ಶ್ರೀಮತಿ ರಂಗಿಮಾರಿಯೆ ಪೋಹಾತು, ತೇವಾಕಾ, ಇವರಿಗೆ. ಈ ಪ್ರತಿಯನ್ನು ಅಂಚೆಗೆ ಹಾಕಿರುವುದಿಲ್ಲ. ‘ನನ್ನ ಹೆಸರು ಆಯಮ್ಮನಿಗೆ ನಾನೇ ಹೇಳ್ಬೇಕು’ ಎಂದು ಶ್ರೀ ಟ್ರೆಲೋರ್ ತಾವೇ ತೆಗೆದುಕೊಂಡು ಇಂದು ಬೆಳಿಗ್ಗೆ ಹೊರಟಿದ್ದಾರೆ. ಆ ಊರಿಗೆ ರೈಲು ಇಲ್ಲದಿರುವುದರಿಂದ ತಲುಪುವುದು ತಡವಾಗಬಹುದು. ದಯವಿಟ್ಟು ಕಾಯುವುದು.