ಅಕ್ಕನ ಕಾರವಾರ ತಾಲೀಮು

ನಮ್ಮಕ್ಕ ಶಿವನ ಪಾದ ಸೇರುವ ದಿನ ಬಂದರೂ, ಮೊದಲು ಒಮ್ಮೆ ಹೋಗಿ ದಾರಿ ನೋಡಿಕೊಂಡು ಬಂದು, ಆಮೇಲೆ ಕಾಯಂ ಹೋಗುವ ಪೈಕಿ! ಈ ಮಾತನ್ನು ಅವಳ ಮುಂದೆಯೇ ಹೇಳಿದ್ದೇನೆ. ಸಿಟ್ಟಾಗಲಿಲ್ಲ.

“ಮತ್ತ? ಗೊತ್ತಿಲ್ಲದ ಜಾಗಾಕ್ಕ ಏಕದಮ್ ಹೋಗಿ ನಿಂತ್ರ ಹೆಂಗಪಾ?” ಅಂದಳು.

ಯಾವ ಕೆಲಸಕ್ಕಾದರೂ ಅವಳಿಗೆ ಮೊದಲು ತಾಲೀಮು ಬೇಕು. ನಾಟಕದವರು ಮಾಡುತ್ತಾರಲ್ಲ, ಹಾಗೆ. ಹಬ್ಬ ಇನ್ನೂ ದೂರ ಇರುವಾಗಲೇ ಒಂದೇ ಒಂದು ಹೋಳಿಗೆ ಮಾಡಿ ಹರಿಯುತ್ತದೋ ಇಲ್ಲವೋ ನೋಡುತ್ತಾಳೆ. ಗುಂಜಿ ಹಳ್ಳಿಯ ತನ್ನ ಮನೆಗೆ ಹೊಸ ಸೊಸೆ ಬರುವ ಮುಂಚೆ, ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ತಾನೇ ಒದ್ದು ನೋಡಿದ್ದಳು. ಎಷ್ಟು ದೂರ ಉರುಳುತ್ತದೆ, ಅಕ್ಕಿ ಯಾವ ಕಡೆ ಚೆಲ್ಲುತ್ತದೆ ಅಂತ! ಸೇರು ಉರುಳುತ್ತ ಹೋಗಿ ಚಹಾ ಕುಡಿಯುತ್ತ ಕೂತಿದ್ದ ಅವಳ ಗಂಡನ ಕಾಲಬೆರಳಿಗೆ ಬಡಿಯಿತು. ಅವರು ಅಯ್ಯೋ ಅಂದರೆ ಇವಳು, “ನೋಡ್ರಿ, ಇದಕ್ಕ ತಾಲೀಮ ಬೇಕನ್ನೂದು! ಲಗ್ನದ ದಿನ ನೀವು ಇಲ್ಲಿ ಕುಂದರಬ್ಯಾಡ್ರಿ” ಅಂದಳಂತೆ.

ಇಂಥ ಅಕ್ಕನ ಕೈಗೆ ನಮ್ಮ ಕಾರವಾರದ ಪ್ರಯಾಣ ಸಿಕ್ಕಿತು ನೋಡಿ!

ನಾನು ಬೆಳಗಾವಿಯ ವಡಗಾವಿಯಲ್ಲಿ ಮಗ್ಗ ನಡೆಸುವವನು. ಕಾರವಾರಕ್ಕೆ ನೌಕರಿಗೆ ಹೋದ ನನ್ನ ಮಗ ಅಲ್ಲಿಯ ಕೊಂಕಣಿ ಹುಡುಗಿಯನ್ನೇ ಮೆಚ್ಚಿ ಮದುವೆಯಾದ. ಚಲೋ ಹುಡುಗಿ. ಮೊನ್ನೆ ಅವಳಿಗೆ ತವರಿನಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು! ಮಹಾಂತೇಶ ನಗರದಲ್ಲಿರುವ ನನ್ನ ಮಗಳಿಗೆ ಎರಡೂ ಗಂಡು. ಹೀಗಾಗಿ ನಮ್ಮ ಮನೆಗೆ ಇದೇ ಮೊದಲ ಮೊಮ್ಮಗಳು. ಮಗನ ಫೋನು ಬಂದದ್ದೇ ತಡ, ಮಗ್ಗ ನಿಲ್ಲಿಸಿ ಓಣಿಗಿಳಿದೆ. ಕುಂದಾ ತಂದು ಕಂಡಕಂಡವರ ಬಾಯಿಗಿಟ್ಟೆ. ಅವರಲ್ಲೊಬ್ಬರಿಗೆ ಸಕ್ಕರೆ ಕಾಯಿಲೆಯಂತೆ. ಬಾಯಿಗಿಟ್ಟ ಮೇಲೆಯೇ ಗೊತ್ತಾದದ್ದು! ಫೋನಿನಲ್ಲಿ ಬಂದ ಫೋಟೋ ನೋಡಿ ನೋಡಿ ಮಗ್ಗದ ಮುಂದೆ ಕೂತರೆ ಸೀರೆಯ ಅಂಚೇ ಕಾಣಲೊಲ್ಲದು. ಮೂಗು ನನ್ನದೇ. ನಮ್ಮಾಕೆ ತನ್ನದು ಅನ್ನುತ್ತಾಳೆ. ಅನ್ನಲಿ ಬಿಡಿ.

ಅಷ್ಟೆಲ್ಲ ಸಂತೋಷದಲ್ಲಿ ಒಂದೇ ಒಂದು ಅಳುಕು. ಬೀಗರ ಮನೆಗೆ ನಾವು ಹೋಗುವುದು ಇದೇ ಮೊದಲು. ಅವರು ಮೀನು ಉಣ್ಣುವವರು, ನಾವು ಲಿಂಗ ಕಟ್ಟಿದವರು. ಮದುವೆ ಬೆಳಗಾವಿಯಲ್ಲಾಗಿತ್ತು, ಅಡಿಗೆಯೂ ನಮ್ಮ ಕಡೆಯದೇ, ಆಗ ನಡೆದುಹೋಯಿತು. ಈಗ ಅವರ ಒಲೆಯ ಮುಂದೆ ಕೂತು ಉಣ್ಣಬೇಕು. ಅಕ್ಕನನ್ನು ಬಿಟ್ಟು ಹೋಗುವಂತಿಲ್ಲ. ಅವ್ವ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದವಳು, ಮನೆಗೆ ಹಿರಿಯಳು. ಕರೆದುಕೊಂಡು ಹೋದರೆ? ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯದವಳು, ಮಾತಿಗೆ ಲಗಾಮಿಲ್ಲದವಳು! ಅಲ್ಲಿ ಹೋಗಿ ಮೂಗು ಮುಚ್ಚಿಕೊಂಡು ಏನಾದರೂ ಅಂದುಬಿಟ್ಟರೆ ಹಸಿ ಬಾಣಂತಿ ಕಣ್ಣೀರು ಹಾಕುತ್ತಾಳೆ. ಆಮೇಲೆ ಆ ಕೂಸನ್ನು ನಾನು ಯಾವ ಮುಖ ಹೊತ್ತು ಎತ್ತಿಕೊಳ್ಳಲಿ? ಇದೇ ನನ್ನ ಚಿಂತೆ.

ಅಕ್ಕನಿಗೆ ಬೇರೆಯದೇ ಚಿಂತೆ. “ಕಾರವಾರ ಅಂದ್ರ ಗಾಟ ಇಳೀಬೇಕಲ್ಲೋ ತಮ್ಮಾ! ಒಂದ್ ತಾಲೀಮ ಮಾಡೂಣು.”

ಮೊದಲನೆಯದು ಕೂಸು ಎತ್ತುವ ತಾಲೀಮು. ಗುಂಜಿಯಿಂದ ವಡಗಾವಿಗೆ ಬಂದವಳೇ ಒಂದು ಹಾಲುಗುಂಬಳಕಾಯಿಗೆ ಕುಂಚಿಗೆ ಕಟ್ಟಿ ನನ್ನ ಕೈಗೆ ಕೊಟ್ಟಳು.

“ಅಕ್ಕಾ, ನಾ ಎರಡು ಮಕ್ಕಳನ ಬೆಳಸೇನಿ!”

“ಬೆಳಸಿದಾಕಿ ನಿನ್ನ ಹೇಂತಿ. ನೀ ಮಗ್ಗದ ಮುಂದಿದ್ದಿ. ಹಿಡಿ! ಏ, ಕುತ್ತಿಗಿ ಕುತ್ತಿಗಿ!”

ಕುಂಬಳಕಾಯಿಗೆ ಕುತ್ತಿಗೆ ಎಲ್ಲಿರುತ್ತದೆ ಅಂತ ನಾನು ಹುಡುಕುವಷ್ಟರಲ್ಲಿ ಅದು ಜಾರಿ ಬಿತ್ತು. ನಮ್ಮಾಕೆ ನಗು ತಡೆಯಲಾರದೆ ಒಳಗೆ ಓಡಿದಳು. ಅಂದು ಊಟಕ್ಕೆ ಅದರದೇ ಪಲ್ಯ. ಉಣ್ಣಲು ಮನಸ್ಸೇ ಬರಲಿಲ್ಲ, ಖರೇ ಹೇಳುತ್ತೇನೆ!

ಎರಡನೆಯದು ಪ್ರಯಾಣದ ತಾಲೀಮು. ಬಾಡಿಗೆ ಗಾಡಿ ಮಾಡಿ ಅಕ್ಕ, ನಾನು, ನಮ್ಮಾಕೆ, ಮಗಳು, ಅವಳ ಇಬ್ಬರು ಹುಡುಗರು, ಎಲ್ಲರೂ ಹೊರಟೆವು. ಅಕ್ಕ ಮುಂದೆ ಡ್ರೈವರನ ಬಾಜು. ಖಾನಾಪುರ ದಾಟಿ, ಗುಂಜಿ ದಾಟಿ, ಕಾಡಿನ ತಿರುವುಗಳು ಶುರುವಾದವು. ಹುಡುಗರಿಬ್ಬರೂ ಸರದಿಯಂತೆ ವಾಂತಿ ಕಾರಿದರು. ಅಕ್ಕನಿಗೆ ಬಹಳ ಸಂತೋಷ!

“ಚಲೋ ಆತು! ಯಾರ ಕಾರತಾರಂತ ಗೊತ್ತಾತು. ಅವ್ರಿಗೆ ಖಿಡಕಿ ಬಾಜು ಜಾಗಾ.”

ಜೋಯಿಡಾ ದಾಟಿದ ಮೇಲೆ ಘಾಟಿನ ತಲೆಯಲ್ಲಿ ಗಾಡಿ ನಿಲ್ಲಿಸಿ ಕೆಳಗೆ ಇಣುಕಿ ನೋಡಿದಳು. “ಆತು. ಹೊಳ್ಳಸು.”

ಡ್ರೈವರ್ ಕಂಗಾಲಾದ. “ಆಯಿ, ಇಷ್ಟು ದೂರ ಬಂದೇವ್ರಿ. ಇನ್ನ ಸ್ವಲ್ಪ ಇಳದ್ರ ಕಾರವಾರನ ಬರತೈತ್ರಿ!”

ನಾನೂ ಗೋಗರೆದೆ. “ಅಕ್ಕಾ, ಕೂಸಿನ ಮಾರಿ ನೋಡ್ಕೊಂಡ ಬರೂಣು ಅಲಾ?”

“ತಾಲೀಮಿನ್ಯಾಗ ಯಾರರ ಖರೇ ನಾಟಕಾ ಮಾಡ್ತಾರೇನೋ? ಹೊಳ್ಳಸು!”

ಹೊಳ್ಳಿಸಿದೆವು! ಮೊಮ್ಮಗಳ ಊರಿನ ಗಾಳಿ ಮೂಗಿಗೆ ಬಡಿಯುವ ಜಾಗದಿಂದ ವಾಪಸು ವಡಗಾವಿಗೆ ಬಂದ ಅಜ್ಜ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಕೊನೆಗೆ ತೊಟ್ಟಿಲ ಕಾರ್ಯಕ್ಕೆ ಎರಡು ದಿನ ಇರುವಾಗ ನಿಜವಾಗಿ ಹೊರಟೆವು. ಗಾಡಿಯಲ್ಲಿ ಒಂದು ಗಂಟು ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುಂಜಿಯ ಬಾವಿಯ ನೀರು ಎರಡು ಕ್ಯಾನು.

“ಅಕ್ಕಾ, ನೀರರ ಬಿಡು. ಬೀಗರು ಏನ ಅನಕೋತಾರ?”

“ಸಮುದ್ರದ ಊರಪಾ ಅದು. ಅಲ್ಲಿ ನೀರು ಉಪ್ಪ ಇರತೈತಿ. ನೀ ಸಾಲಿಗೆ ಹೋಗಿದ್ರ ಗೊತ್ತಿರತಿತ್ತು.”

ಅವಳೂ ಹೋಗಿಲ್ಲ, ಆ ಮಾತು ಬೇರೆ.

ಈ ಸಲ ಹುಡುಗರಿಬ್ಬರೂ ಕಲ್ಲಿನಂತೆ ಕೂತಿದ್ದರು. ಘಾಟಿನಲ್ಲಿ ಕಾರಿದವಳು ಅಕ್ಕ! ನಾವು ನಗಬಾರದೆಂದು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದೆವು. ಬಾಯಿ ಒರೆಸಿಕೊಂಡು, “ತಾಲೀಮಿನ್ಯಾಗ ನಂದ್ ಉಳಿದಿತ್ತಲ್ಲ, ಅದು ಬಂತು” ಅಂದಳು. ಸಮುದ್ರ ಕಂಡಾಗ ಮಗಳು ಬೆರಳು ಮಾಡಿ ತೋರಿಸಿದಳು. ಅಕ್ಕ ಬಹಳ ಹೊತ್ತು ನೋಡಿ, “ಇಷ್ಟ ನೀರೈತಿ, ಒಂದ್ ಹೊಲಕ್ಕ ಉಪಯೋಗಿಲ್ಲ” ಅಂದು ನಿಟ್ಟುಸಿರು ಬಿಟ್ಟಳು.

ಬೀಗರ ಮನೆಯಲ್ಲಿ ಊದಿನಕಡ್ಡಿಯ ಪರಿಮಳವೇ ಪರಿಮಳ. ನೆಲ ತೊಳೆದು ಹೊಳೆಯುತ್ತಿತ್ತು. ಬೀಗಿತ್ತಿ ನೀರು ತಂದರು. ತಂಬಿಗೆಗೆ ಅಂಗಡಿಯ ಚೀಟಿ ಹಾಗೇ ಅಂಟಿತ್ತು. ಅಕ್ಕ ಚೀಟಿ ನೋಡಿದಳು, ಬೀಗಿತ್ತಿಯ ಮುಖ ನೋಡಿದಳು. ನನ್ನ ಎದೆ ಮಗ್ಗದಂತೆ ಬಡಿಯುತ್ತಿತ್ತು. ಕುಡಿದಳು! ಕುಡಿದು ನನ್ನ ಕಡೆ ಬಾಗಿ, “ಏ, ಸಪ್ಪಗೈತಲ್ಲೋ!” ಅಂದಳು. ಊಟಕ್ಕೆ ಕೂತಾಗ ಮತ್ತೆ ಕಿವಿಯಲ್ಲಿ, “ತಮ್ಮಾ, ಸಾರಿಗೆ ಉಳ್ಳಾಗಡ್ಡಿನೂ ಹಾಕಿಲ್ಲ. ಇವ್ರು ನಮಗಿಂತಾ ಕಡಕ್ ಅದಾರ!”

ನಾನು ನಿರಾಳವಾದೆ. ಕೂಸನ್ನು ಎತ್ತಿಕೊಂಡೆ. ಏನು ಹೇಳಲಿ! ಹತ್ತಿನೂಲಿನ ಲಡಿಗಿಂತ ಹಗುರ. ನನ್ನ ಬೆರಳು ಹಿಡಿದುಕೊಂಡಿತು. ಆದರೆ ಸ್ವಲ್ಪ ಹೊತ್ತಿಗೆ ಅಳು ಹಚ್ಚಿತು, ಎಷ್ಟು ತೂಗಿದರೂ ನಿಲ್ಲಲಿಲ್ಲ. ಸೊಸೆ ಒಳಗೆ ಒಯ್ದು ಹಾಲು ಕೊಟ್ಟಳು. ಮತ್ತೆ ಅಳು. ಅಕ್ಕ ಬಾಣಂತಿಯ ಕೋಣೆಗೆ ಹೋದಳು, ಅವಳ ಹಿಂದೆ ನಾನು ಬಾಗಿಲ ತನಕ ಹೋದೆ. ತಾಟಿನಲ್ಲಿ ಅನ್ನ, ಬೇಳೆಸಾರು ಅರ್ಧಕ್ಕರ್ಧ ಹಾಗೇ ಉಳಿದಿತ್ತು.

“ಯಾಕವಾ, ಊಟಾ ಸೇರವಲ್ದೇನು?”

“ಸೇರ್ತದೆ ಅತ್ತೆ” ಅಂದಳು ಸೊಸೆ, ತಲೆ ತಗ್ಗಿಸಿ.

ಅಕ್ಕ ಬೀಗಿತ್ತಿಯ ಕಡೆ ತಿರುಗಿದಳು. “ಹಾಲು ಕಡಿಮಿ ಐತಲ್ರಿ. ನಿಮ್ಮ ಕಡೆ ಬಾಣಂತಿಗೆ ಹಾಲ ಬರಾಕ ಏನ ಕೊಡ್ತೀರಿ?”

ಬೀಗಿತ್ತಿ ಸೆರಗಿನ ತುದಿ ಸುತ್ತುತ್ತ ನಿಂತರು. “ಕೊಡ್ತೇವೆ ಅಕ್ಕ. ಕಾಳುಮೆಣಸು ಹಾಕಿ ಮೀನಿನ ಸಾರು. ಮೊದಲ ಸಲ ಬರ್ತೀರಿ ನೀವು, ವಾಸನೆ ಆದ್ರೆ ನಿಮಗೆ ಕಷ್ಟ ಆಗ್ತದಲ್ಲ, ಅದಕ್ಕೇ ಮನೆಗೆ ಮೀನು ತರೋದನ್ನೇ ನಿಲ್ಲಿಸಿದ್ವಿ. ಪಾತ್ರೆನೂ ಎಲ್ಲ ಹೊಸದು.”

“ನಾನೇ ಬೇಡ ಅಂದದ್ದು” ಅಂದಳು ಸೊಸೆ ಗಡಬಡಿಸಿ. “ನೀವು ಹೋದ ಮೇಲೆ ಉಂಡ್ರಾಯ್ತು.”

ಅಕ್ಕ ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ನನಗೆ ದಿಗಿಲು. ಮಾತಾಡುವ ಅಕ್ಕನ ಜೊತೆ ನಾನು ಏಗಬಲ್ಲೆ; ಸುಮ್ಮನಿರುವ ಅಕ್ಕನನ್ನು ನಾನು ಕಂಡೇ ಇರಲಿಲ್ಲ.

ಮರುದಿನ ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಕೈಯಲ್ಲೊಂದು ಚೀಲ ಹಿಡಿದು ಬೀಗರ ಮುಂದೆ ನಿಂತಳು. “ನಡ್ರಿ, ಮೀನಪ್ಯಾಟಿ ತೋರಸ್ರಿ.”

ಬೀಗರ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. “ನೀವ್ಯಾಕೆ ಅಕ್ಕ? ನಾನು ತರ್ತೇನೆ, ನಿಮ್ಮ ಒಪ್ಪಿಗೆ ಇದ್ರೆ ಸಾಕು...”

“ನೀವ್ ತಂದ್ರ ಆಕಿ ನಮ್ಮ ಮುಂದ ಉಣ್ಣಂಗಿಲ್ರಿ. ನಾ ತರಬೇಕು.”

ದಾರಿಯಲ್ಲಿ ನಾನು ಮೆಲ್ಲಗೆ ಕೇಳಿದೆ. “ಅಕ್ಕಾ, ನಿನ್ನ ನೇಮ?”

“ನೇಮ ನಂದಪಾ. ಹಸಿವು ಕೂಸಿಂದು.”

ಮಾರುಕಟ್ಟೆಯ ಬಾಗಿಲಲ್ಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಕ್ಕ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಒಳಗೆ ನಡೆದೇಬಿಟ್ಟಳು. ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಹಣೆಯ ವಿಭೂತಿ ನೋಡಿ ನಕ್ಕಳು. “ಏನಜ್ಜಿ, ದಾರಿ ತಪ್ಪಿ ಬಂದ್ರಾ?”

“ತಪ್ಪಿಲ್ಲವಾ. ಮನ್ಯಾಗ ಬಾಣಂತಿ ಅದಾಳ. ಹಾಲ ಬರೂವಂಥಾದ್ದು ಕೊಡು. ಎಳೇದು ನೋಡಿ ಕೊಡು!”

ಎಳೆಯದಂತೆ! ಬೆಂಡೆಕಾಯಿ ಅಂದುಕೊಂಡಳೋ ಏನೋ! ಆ ಹೆಂಗಸು ಮಾತ್ರ ಈಗ ನಗಲಿಲ್ಲ. ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ, ಕೊಯ್ದು ತೊಳೆದು, ಎರಡೆರಡು ಚೀಲದಲ್ಲಿ ಸುತ್ತಿ ಕೊಟ್ಟಳು. ಅಕ್ಕ ಅದನ್ನು ಬೀಗರಿಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ತೋಳನ್ನು ಆದಷ್ಟು ಉದ್ದ ಚಾಚಿ, ಹಾವು ಹಿಡಿದವಳಂತೆ ಹಿಡಿದುಕೊಂಡು ರಸ್ತೆಯುದ್ದಕ್ಕೂ ನಡೆದಳು. ಎದುರಿಗೆ ಬಂದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬೀಗಿತ್ತಿ ಚೀಲ ತೆಗೆದುಕೊಳ್ಳುವಾಗ ಅತ್ತೇಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮನೆಯೆಲ್ಲ ಸಾರಿನ ವಾಸನೆ. ನಮ್ಮಾಕೆ ಅಂಗಳಕ್ಕೆ ಹೋದಳು, ಮಗಳು ಹುಡುಗರನ್ನು ಕರೆದುಕೊಂಡು ಸಮುದ್ರಕ್ಕೆ ಹೋದಳು. ಅಕ್ಕ ಬಾಣಂತಿಯ ಕೋಣೆಯಲ್ಲಿ, ಮಂಚದ ಹತ್ತಿರವೇ, ಮೂಗಿಗೆ ಸೆರಗು ಹಿಡಿದು ಕೂತಿದ್ದಳು. ಬಾಗಿಲಲ್ಲಿ ನಾನು.

ಸೊಸೆ ಕೂಸನ್ನು ಪಕ್ಕಕ್ಕೆ ಮಲಗಿಸಿ ತಾಟು ಮುಂದಿಟ್ಟುಕೊಂಡಳು. ಒಂದು ಸಲ ಅಕ್ಕನ ಮುಖ ನೋಡಿದಳು. ಕೈ ಅನ್ನದ ಮೇಲೆಯೇ ನಿಂತಿತು.

ಅಕ್ಕ ಸೆರಗನ್ನು ಮೂಗಿನಿಂದ ತೆಗೆದು ಮಡಿಲಲ್ಲಿಟ್ಟಳು. ಕಣ್ಣಲ್ಲಿ ನೀರು ಬಂದಿತ್ತು, ವಾಸನೆಗೋ ಏತಕ್ಕೋ ನಾನರಿಯೆ. ಇನ್ನಷ್ಟು ಹತ್ತಿರ ಸರಿದು ಕೂತು, ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಅಂದಳು:

“ಉಣ್ಣವಾ. ನೀ ಉಂಡದ್ದನ್ನ ಆಕಿ ಉಣತಾಳ.”