ಮರಿಗೆಯ ಕಿವಿ ಹಿಡಿದ ಯಂತ್ರದವರಿಗೆ

ಗಂಗಾವತಿಯಲ್ಲಿ ಮಾಜೀದನ ಶೆಡ್ಡಿನೊಳಗೆ ವಿರಾಜಮಾನರಾದ ವ್ಯಾಕ್ಯೂಮ್ ಫಾರ್ಮಿಂಗ್ ಯಂತ್ರ ಮಹೋದಯರಿಗೆ ಬೇವೂರಿನ ಗವಿಸಿದ್ದಪ್ಪನ ಶರಣು ಶರಣಾರ್ಥಿ.

ಮಾನ್ಯರೇ,

ತಮ್ಮ ಹೀಟರು ಬೆಚ್ಚಗಿದೆ, ಪಂಪು ಚೆನ್ನಾಗಿ ಉಸಿರೆಳೆಯುತ್ತಿದೆ ಎಂದು ನಂಬಿದ್ದೇನೆ. ನಾನು ಇದ್ದಂತೆ ಇದ್ದೇನೆ.

ನನ್ನ ಮನೆಯಾಕೆ ವಿರೂಪಾಕ್ಷಮ್ಮ ಹೋದ ಯುಗಾದಿಯ ಮುಂದೆ ತೀರಿಕೊಂಡಳು. ಅವಳು ರೊಟ್ಟಿಯ ಹಿಟ್ಟು ನಾದುತ್ತಿದ್ದ ಕಟ್ಟಿಗೆಯ ಅಗಲ ಪಾತ್ರೆ, ಅಂದರೆ ಮರಿಗೆ, ತನಗೇ ಬೇಕೆಂದು ಹೆಣ್ಣುಮಕ್ಕಳಾದ ಶಿವಲೀಲಾ, ಐಶ್ವರ್ಯ ಹಟ ಹಿಡಿದು ಮಾತು ಬಿಟ್ಟಿದ್ದರಿಂದ, ಇಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ನಕಲು ಕೊಟ್ಟು ಅಸಲನ್ನು ನಾನೇ ಇಟ್ಟುಕೊಳ್ಳುವ ನ್ಯಾಯ ನನಗೆ ಹೊಳೆಯಿತು.

ಮೊದಲು ಪಕ್ಕದ ಶೆಡ್ಡಿನಲ್ಲಿ ಬಕೆಟ್ ಹೆರುವ ಇಂಜೆಕ್ಷನ್ ಮೋಲ್ಡಿಂಗ್ ಮಹಾಶಯರನ್ನು ಕಂಡೆ. ಅವರಿಗೆ ಉಕ್ಕಿನ ಅಚ್ಚೇ ಬೇಕಂತೆ, ಕರಗಿಸಿದ ಪ್ಲಾಸ್ಟಿಕ್ಕನ್ನು ಅದರೊಳಗೆ ನುಗ್ಗಿಸಿ ಸಾವಿರಗಟ್ಟಲೆ ಹೆತ್ತರಷ್ಟೇ ಗಿಟ್ಟುತ್ತದಂತೆ. ನನಗಿರುವುದು ಇಬ್ಬರೇ ಹೆಣ್ಣುಮಕ್ಕಳು. ತಾವಾದರೋ ಬೋರಲು ಹಾಕಿದ ಮರಿಗೆಯ ಮೇಲೆ ಕಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೆಳಗಿನಿಂದ ಗಾಳಿ ಹೀರಿ, ಒಂದೇ ನಕಲಾದರೂ ಮುಖ ಸಿಂಡರಿಸದೆ ಮಾಡಿಕೊಡುವ ದಯಾಳುಗಳೆಂದು ಕೇಳಿ ತಮ್ಮ ಪಾದಕ್ಕೆ ಬಂದೆ.

ಮಾಜೀದ ಹೇಳಿದ್ದ: "ಕಾಕಾ, ಮರಿಗಿ ಕಿವಿ ಎರಡೂ ಹೊರಗ ಚಾಚ್ಯಾವ್ರಿ. ಹಾಳಿ ಅವುಗಳ ಬುಡಕ ಹೊಕ್ಕು ಕುಂತರ ಕಳಚಂಗಿಲ್ಲ. ಕೊಯ್ದು ಬಿಡ್ಲೇನ್ರಿ?"

"ಅಕಿ ಹಿಡೀತಿದ್ದದ್ದ ಅಲ್ಲಿ. ಮುಟ್ಟಬ್ಯಾಡಪಾ" ಅಂದೆ.

ತಾವು ಹೀರಿದಿರಿ. ನಮ್ಮ ಸಾಲಿ ಮಾಸ್ತರರೂ ಅಷ್ಟು ನಿಷ್ಠೆಯಿಂದ ಯಾರ ಕಿವಿಯನ್ನೂ ಹಿಡಿದಿರಲಿಲ್ಲ. ಮರಿಗೆ ಈಗ ನೀಲಿ ಅಂಗಿ ತೊಟ್ಟು ಕುಳಿತಿದೆ, ಅಂಗಿ ಹರಿದರೆ ಕಟ್ಟಿಗೆಗೆ ಗಾಯ. ಆದ್ದರಿಂದ ತಾವು ಹೀರಿದ ಗಾಳಿಯನ್ನೇ ಸಾವಕಾಶವಾಗಿ ಮರಳಿ ಊದಿ ಕಿವಿ ಬಿಡಿಸಬೇಕೆಂದು ವಿನಂತಿ. ಬೇರೆ ಗಾಳಿ ಬೇಡ, ಕುಷ್ಟಗಿ ಕಡೆಯದಂತೂ ಬೇಡವೇ ಬೇಡ, ಅದರಲ್ಲಿ ಧೂಳು ಹೆಚ್ಚು.

ಈ ಅನಾಹುತ ನೋಡಲು ಮಕ್ಕಳಿಬ್ಬರೂ ಮನೆಗೆ ಬಂದರು. ಐಶ್ವರ್ಯ ಮಗುಚಿ ನೋಡಿದರೆ ಒಳಗೆಲ್ಲ ಅದೇ ಕಟ್ಟಿಗೆ. ಅವಳು ನಾದಿದಳು, ಶಿವಲೀಲಾ ರೊಟ್ಟಿ ಬಡಿದಳು. "ಅಪ್ಪ ಅವ್ವನ ಮರಿಗಿಗೆ ರೇನ್‌ಕೋಟ ಹಾಕಿಸ್ಯಾನ ನೋಡ" ಎಂದು ಶಿವಲೀಲಾ ಅಂದದ್ದೇ ಇಬ್ಬರೂ ನಕ್ಕರು. ಮರಿಗೆ ಒಯ್ಯುವ ಮಾತು ಯಾರೂ ಎತ್ತಲಿಲ್ಲ. ಇದರಿಂದ ದೂರು ಮುಗಿಯಿತೆಂದು ತಾವು ಉಬ್ಬಬಾರದು.

ಕಿವಿ ಬಿಡಿಸುವಿರೆಂದು ಕಾದಿರುವ ತಮ್ಮ ವಿಶ್ವಾಸಿ,
ಗವಿಸಿದ್ದಪ್ಪ

ತಾ.ಕ.: ಮರಿಗೆಯ ತಳದಲ್ಲೊಂದು ಬಿರುಕಿತ್ತು. ವಿರೂಪಾಕ್ಷಮ್ಮ ದಿನಾ ಅದಕ್ಕೆ ಚೂರು ಹಸಿಹಿಟ್ಟು ಮೆತ್ತಿಯೇ ನೀರು ಹೊಯ್ಯುತ್ತಿದ್ದಳು. ತಮ್ಮ ಹಾಳೆಯಿಂದಾಗಿ ಈಗ ಅದು ಸೋರುವುದಿಲ್ಲ. ಆದರೂ ಐಶ್ವರ್ಯ ಮೊದಲು ಅಲ್ಲಿಗೇ ಹಿಟ್ಟು ಮೆತ್ತಿದಳು, ಥೇಟ್ ಅವಳ ಅವ್ವನ ಹಾಗೆ. ಯಾರೂ ಹೇಳದೆ ತಾವು ಮಾಡಿದ ಈ ಸೋರಿಕೆಯ ರಿಪೇರಿ ತಮ್ಮ ಅಧಿಕಾರಕ್ಕೆ ಮೀರಿದ್ದು. ದಯವಿಟ್ಟು ಮೊದಲಿನಂತೆ ಸೋರುವ ಹಾಗೆ ಮಾಡಿಕೊಡತಕ್ಕದ್ದು.