ಹತ್ತು ಲಕ್ಷ ಯೂನಿಟ್ಟಿಗೆ ನಾಲ್ಕುನೂರು ಕಮ್ಮಿ

ಭಾಂಡುಪಿನ ಗುರಲಿಂಗಪ್ಪ ಸಾಹುಕಾರರ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಿಕ್ ಸೂಪರ್‌ವೈಸರ್ ಆಗಿದ್ದ ಪರಪ್ಪನಿಗೆ ಬೀಡಿ, ಗುಟ್ಕಾ, ಇಸ್ಪೀಟು ಯಾವ ಚಟವೂ ಇರಲಿಲ್ಲ. ಇದ್ದದ್ದು ಒಂದೇ: ಸುಮ್ಮನೆ ಉರಿಯುವ ದೀಪ ಕಂಡರೆ ಆರಿಸುವುದು. ಗೋದಾಮಿನ ಟ್ಯೂಬ್‌ಲೈಟು, ಸಂಡಾಸಿನ ಬಲ್ಬು, ಯಾರೂ ಇಲ್ಲದ ಕಡೆ ತಿರುಗುವ ಫ್ಯಾನು, ಒಂದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಒಳಗೆ ಮನುಷ್ಯ ಕೂತಿರುವಾಗಲೇ ಸಂಡಾಸಿನ ದೀಪ ಆರಿಸಿ, ಕ್ಯಾಂಟೀನಿನ ದೂಜನಿಂದ ತುಳುವಿನಲ್ಲಿ ಬೈಸಿಕೊಂಡಿದ್ದ. ವಿಜಯಪುರದ ಕಡೆ ಕಂದೀಲಿನ ಬೆಳಕಿನಲ್ಲಿ ಓದಿದವನು, ಏನು ಮಾಡಿಯಾನು. ಆ ಚಟವೇ ಒಂದು ಅಮಾವಾಸ್ಯೆಯ ದಿನ ಅವನ ಕೊರಳಿಗೆ ಉರುಳಾಯಿತು.

ಬೆಳಿಗ್ಗೆ ಒಂಬತ್ತಕ್ಕೆ ಸಾಹುಕಾರರು ಕ್ಯಾಬಿನ್ನಿಗೆ ಕರೆಸಿದರು. ಹಣೆಯ ಮೇಲೆ ವಿಭೂತಿ, ಮೇಜಿನ ಮೇಲೆ ಸರ್ಕಾರದ ಕಾಗದ.

"ಪರಪ್ಪಾ, ಇನ್ನ ಮ್ಯಾಲೆ ಎಲ್ಲಾ ಕಾರ್ಖಾನಿಯವ್ರೂ ಬಿಸಲಿಂದ, ಗಾಳಿಂದ ಮಾಡಿದ ಕರೆಂಟ್ ಇಷ್ಟ ಪಾಲು ಅಂತ ಕೊಳ್ಳಾಕ ಬೇಕು. ಭಾಳ ತುಟ್ಟಿ ಬೀಳತೈತಿ. ಆದ್ರ ವರ್ಷಕ್ಕ ಹತ್ತು ಲಕ್ಷ ಯೂನಿಟ್ ಸುಟ್ಟವ್ರಿಗೆ ಮಾಫಿ."

ಪರಪ್ಪ ಕಿವಿಯನ್ನೇ ನಂಬಲಿಲ್ಲ. "ಭಾಳ ಸುಟ್ಟವ್ರಿಗೆ ಮಾಫಿ, ಉಳಿಸಿದವ್ರಿಗೆ ದಂಡಾ ಏನ್ರಿ?"

"ಭಾಳ ಸುಡಾವ್ರು ಪಾಪ, ಮುಳಗಿ ಹೋಗತಾರಂತ ಸರ್ಕಾರಕ್ಕ ಕಳಕಳಿ."

ಊರ ಕುಡುಕನಿಗೆ ಹೆಂಡದ ಸುಂಕ ಬಿಟ್ಟು, ಹಬ್ಬಕ್ಕೊಮ್ಮೆ ಗುಟುಕರಿಸುವವನ ಕೊರಳುಪಟ್ಟಿ ಹಿಡಿದ ಹಾಗಾಯಿತಲ್ಲ ಎಂದುಕೊಂಡ ಪರಪ್ಪ. ದೊಡ್ಡವರ ಕಾನೂನು, ನಮಗ್ಯಾಕೆ.

"ಇವತ್ತ ಲೆಕ್ಕದ ಕಡೀ ದಿನ. ಸಂಜಿ ಐದಕ್ಕ ಆಫೀಸರ್ ಬಂದು ಮೀಟರ್ ನೋಡತಾನ. ನಮಗ ನಾಕನೂರಾ ಹತ್ತು ಯೂನಿಟ್ ಕಮ್ಮಿ ಬಿದ್ದಾವ. ಯಾಕ ಬಿದ್ದಾವು ಹೇಳು?"

ಸಾಹುಕಾರರು ಪರಪ್ಪನ ಬಲಗೈಗೆ ಬೊಟ್ಟು ಮಾಡಿದರು.

"ನಿನ್ನ ಕೈಗುಣದಿಂದ. ವರ್ಷಪೂರ್ತಿ ಲೈಟ್ ಆರಿಸಿದ್ದಿ. ಐದರೊಳಗ ಅಷ್ಟೂ ತುಂಬಿ ಕೊಡು. ಇಲ್ಲಾಂದ್ರ ನಾಳಿಂದ ನೀ ಬರೂದು ಬ್ಯಾಡ."

ಐವತ್ತರ ಹೊಸ್ತಿಲಲ್ಲಿ ಇರುವವನಿಗೆ ಈ ಮುಂಬೈಯಲ್ಲಿ ವಾಚ್‌ಮನ್ ಕೆಲಸವೂ ಸಿಗುವುದಿಲ್ಲ. ಹೆಂಡತಿ ಅಂಬವ್ವನಿಗೆ ಏನಂತ ಹೇಳುವುದು? ಆದರೆ ನಾಲ್ಕುನೂರು ಯೂನಿಟ್ ಎಂದರೆ ಕರೆಂಟಿನ ದೊಡ್ಡ ಕುಲುಮೆಗೆ ಬರೇ ನಾಲ್ಕು ತಾಸಿನ ತುತ್ತು. ಅವನಿಗೆ ಜೀವ ಬಂತು.

"ಕುಲುಮಿ ಚಾಲೂ ಮಾಡತೀನ್ರಿ."

ಸಾಹುಕಾರರು ನಾಲಿಗೆ ಕಚ್ಚಿಕೊಂಡರು. "ಅಮಾಸಿ ಐತಿ. ಅಮಾಸಿ ದಿನ ಎತ್ತಿನ ಹೆಗಲಿಗೆ ನೊಗಾ ಇಡತಾರೇನು? ನಮ್ಮಪ್ಪನ ಕಾಲದಿಂದ ಅಮಾಸಿಗೆ ಯಾವ ಮಷೀನೂ ಮುಟ್ಟಿಲ್ಲ. ಬಲ್ಬು ಹಚ್ಚು, ಫ್ಯಾನ್ ಹಚ್ಚು. ಅವು ಎತ್ತಲ್ಲ."

ಪರಪ್ಪ ಇಡೀ ಕಾರ್ಖಾನೆ ಸುತ್ತಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಕಂಡ ಕಂಡ ಬಟನ್ನು ಒತ್ತಿದ. ಹಾಡುಹಗಲೇ ಶೆಡ್ಡು ಮದುವೆಮನೆಯಂತೆ ಬೆಳಗಿತು. ಒಂದು ತಾಸಿಗೆ ಮೀಟರ್ ಓಡಿದ್ದು ಆರು ಯೂನಿಟ್. ಈ ನಡಿಗೆಯಲ್ಲಿ ಹೋದರೆ ಮೂರು ದಿನ ಬೇಕು.

ಚಹಾದ ಕೆಟಲ್ ಹಿಡಿದು ಬಂದ ದೂಜ ನಗಾಡಿದ. "ನೀನೊಬ್ಬ ಸುಡುವುದು ಎಲ್ಲಿಗೆ ಸಾಕು ಮಾರಾಯ? ಹಿಂದುಗಡೆಯ ಚಾಳಿನ ಜನಕ್ಕೆ ಒಂದು ಮಾತು ಹೇಳು. ಕರೆಂಟ್ ಪುಕ್ಕಟೆ ಅಂದರೆ ಅರ್ಧ ಭಾಂಡುಪ್ ಇಲ್ಲಿಗೇ ಬರ್ತದೆ."

ಬಂದೇ ಬಂತು. ಚಾಳಿನಲ್ಲಿ ಪರಪ್ಪನ ಪಕ್ಕದ ಖೋಲಿಯ ಕಸ್ತೂರಿಬಾಯಿ ದಂಡನಾಯಕಿ. ಹಿಂದೆ ನಲವತ್ತು ಹೆಂಗಸರು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು, ಕರೆಂಟ್ ಒಲೆ, ಬಗಲಲ್ಲಿ ಬಟ್ಟೆಯ ಗಂಟು. ಹತ್ತೂವರೆಗೆ ಎರಕದ ಅಚ್ಚುಗಳ ನಡುವೆ ಬೇಳೆ ಕುದಿಯುತ್ತಿತ್ತು, ಹೋಳಿಗೆ ಬೇಯುತ್ತಿತ್ತು, ಬಕೀಟು ಬಕೀಟು ನೀರು ಹೊಗೆಯಾಡುತ್ತಿತ್ತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಮಂದಿ. ಇದ್ದ ಬಟ್ಟೆಯೆಲ್ಲ ಮುಗಿದ ಮೇಲೆ ಕಸ್ತೂರಿಬಾಯಿ ಪರದೆಗೆ ಇಸ್ತ್ರಿ ಹಾಕಿದಳು, ಅದೂ ಮುಗಿದ ಮೇಲೆ ನೆಲ ಒರೆಸುವ ಅರಿವೆಗೆ ಹಾಕಿದಳು. ಚಾಳಿನ ಮಕ್ಕಳಿಗೆ ಮಧ್ಯಾಹ್ನದೊಳಗೆ ಮೂರು ಸಲ ಎಣ್ಣೆನೀರಾಯಿತು. ನಾಲ್ಕನೆಯ ಸಲಕ್ಕೆ ಮಕ್ಕಳು ಲೋಕಲ್ ಹಿಡಿಯುವವರ ಹಾಗೆ ಸ್ಟೇಷನ್ ಕಡೆ ಓಟ ಕಿತ್ತವು.

ಹನ್ನೆರಡಕ್ಕೆ ಫ್ಯೂಸ್ ಹಾರಿತು. ಪರಪ್ಪ ಬೆವರಿಳಿಸಿಕೊಂಡು ಕಟ್ಟಿದ. ಒಂದಕ್ಕೆ ಮೀಟರ್ ನೋಡಿದರೆ ಲೆಕ್ಕಕ್ಕಿಂತ ಹಿಂದೆ ಬಿದ್ದಿತ್ತು. ಯಾಕೆಂದು ಹುಡುಕಿದ ದೂಜನಿಗೆ ಕಳ್ಳ ಸಿಕ್ಕೇಬಿಟ್ಟ: ಪರಪ್ಪನೇ. ನೀರು ಕುದಿದ ಬಕೀಟು ಕಂಡಲ್ಲೆಲ್ಲ ಅವನ ಕೈ ತಾನಾಗಿ ಹೋಗಿ ರಾಡು ಆರಿಸುತ್ತ ಬಂದಿತ್ತು.

"ನಾ ಅಲ್ಲೋ, ಕೈ," ಎಂದ ಪರಪ್ಪ.

"ಹಾಗಾದರೆ ಕೈಯನ್ನೇ ಕಟ್ಟುವ," ಎಂದು ದೂಜ ಟವೆಲಿನಿಂದ ಅವನ ಎರಡೂ ಕೈ ಹಿಂದಕ್ಕೆ ಬಿಗಿದ. ಪರಪ್ಪ ಬೇಡವೆನ್ನಲಿಲ್ಲ. ಪೋಲಾಗುವುದನ್ನು ನೋಡಲಾರದೆ ಕಣ್ಣನ್ನೂ ಮುಚ್ಚಿಕೊಂಡ. ನೌಕರಿ ಉಳಿದರೆ ಸಾಕು, ಕಣ್ಣು ಆಮೇಲೆ ತೆರೆಯೋಣ.

ನಾಲ್ಕು ಐವತ್ತಕ್ಕೆ ಕಸ್ತೂರಿಬಾಯಿ ಮೀಟರ್ ಹತ್ತಿರದಿಂದ ಕೂಗಿದಳು. "ಪರಪ್ಪಣ್ಣಾ, ಕಣ್ ತಗಿ. ಹತ್ತು ಲಕ್ಷದಾ ಮೂರು ಆತು."

ದೂಜ ಕಟ್ಟು ಬಿಚ್ಚಿದ. ಹೆಂಗಸರು ಪರಪ್ಪನ ಬಾಯಿಗೆ ಬಿಸಿ ಹೋಳಿಗೆ ತುರುಕಿದರು. ಸಾಹುಕಾರರು ಹೊರಗೆ ಬಂದು ಅವನ ಬೆನ್ನು ತಟ್ಟಿದರು. ಇಪ್ಪತ್ತೆರಡು ವರ್ಷದಲ್ಲಿ ಅದೂ ಮೊದಲ ಸಲ. ಪರಪ್ಪನಿಗೆ ಅಳುವೇ ಬಂತು.

ಐದಕ್ಕೆ ಆಫೀಸರ್ ಅಮೋಲ್ ಬಂದ. ಮೂಲ ಧಾರವಾಡ, ಹುಟ್ಟಿದ್ದು ಮಲಾಡಿನಲ್ಲಿ. ಕನ್ನಡ ಅವನ ನಾಲಿಗೆಯ ಮೇಲೆ ಕುಂಟಿಕೊಂಡು ಬರುತ್ತಿತ್ತು. ಮೀಟರ್ ನೋಡಿದ, ಫೋಟೋ ತೆಗೆದ, ತಲೆಯಾಡಿಸಿದ.

"ಏಕ್‌ದಮ್ ಬರೋಬರ್ ಅದೆ. ನಿಮ್ದು ವಿನಾಯಿತಿ ಮಂಜೂರ್. ಬಸ್, ಒಂದ್ ಕಾಲಮ್ ಖಾಲಿ ಅದೆ."

"ಯಾವುದ್ರಿ?"

"ಇಷ್ಟು ಕರೆಂಟ್ ಖರ್ಚಾಗಕ್ಕೆ ಜಿಮ್ಮೇದಾರ್ ಯಾರು, ಅವ್ರ ಮೇಲೆ ಏನ್ ಆ್ಯಕ್ಷನ್ ತಗೊಂಡ್ರಿ."

ಸಾಹುಕಾರರು ಗೊಂದಲಕ್ಕೆ ಬಿದ್ದರು. "ಭಾಳ ಸುಟ್ಟೀವಿ ಅಂತನ ಮಾಫಿ ಕೊಡತೀರಿ. ಮತ್ತ ಸುಟ್ಟಾವನ ಮ್ಯಾಲೆ ಆ್ಯಕ್ಷನ್ ಯಾಕ್ರಿ?"

"ಸರ್ಕಾರ ಪೋಲು ಮಾಡೋವ್ರನ್ನ ಸಪೋರ್ಟ್ ಮಾಡ್ತದೆ ಅಂತ ಲೋಗ್ ಅನ್ನಬಾರ್ದು ನಾ? ಖಾಲಿ ಬಿಟ್ರೆ ಫೈಲ್ ವಾಪಸ್ ಬರ್ತದೆ." ಅಮೋಲ್ ಪೆನ್ನು ಹಿಡಿದು ಹೆಂಗಸರ ಕಡೆ ತಿರುಗಿದ. "ಇವತ್ತು ಇದೆಲ್ಲ ಯಾರು ಹಚ್ಚಕ್ಕೆ ಹೇಳಿದ್ದು?"

ಕಸ್ತೂರಿಬಾಯಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. ಒಳ್ಳೆಯವರ ಹೆಸರು ಸರ್ಕಾರದ ಕಾಗದದಲ್ಲಿ ಬರುವುದೆಂದರೆ ಸಣ್ಣ ಮಾತೇ? "ನಮ್ಮ ಪರಪ್ಪಣ್ಣರೀ. ದೇವರಂಥ ಮನಷ್ಯಾ. ನೀರು ಕಾದ್ರೂ ಆರಸಬ್ಯಾಡ್ರಿ, ಅರಿವಿ ಮುಗದ್ರೂ ನಿಲ್ಲಸಬ್ಯಾಡ್ರಿ ಅಂದ. ಬರಕೋರಿ, ಪರಪ್ಪ."

"ಹೌದರೀ, ಅವನ," ಎಂದರು ನಲವತ್ತು ಮಂದಿ ಒಂದೇ ದನಿಯಲ್ಲಿ. ಕೆಳಗೆ ಸಾಕ್ಷಿಯ ಸಹಿಗೂ ನಾ ಮುಂದು ತಾ ಮುಂದು ಎಂದು ನೂಕಾಡಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು.

ಪರಪ್ಪ ಸಾಹುಕಾರರ ಮುಖ ನೋಡಿದ. ಸಾಹುಕಾರರು ಕುಲುಮೆಯ ಮುಖ ನೋಡಿದರು.

"ಎಂಟು ದಿನ ರಜಾದ ಮ್ಯಾಲೆ ಕಳಸಿದ್ರ ನಡೀತೈತೇನ್ರಿ?" ಎಂದು ಕೇಳಿದರು.

"ಹತ್ತು ಲಕ್ಷ ಯೂನಿಟ್ಟಿಗೆ ಎಂಟು ದಿನ? ಮೇಲಿನವ್ರು ಮಾನೋದಿಲ್ಲ."

ಸಾಹುಕಾರರು ನಿಟ್ಟುಸಿರುಬಿಟ್ಟು ಕಾಲಮಿನಲ್ಲಿ ತಾವೇ ಬರೆದರು: 'ವಿದ್ಯುತ್ ಪೋಲು ಮಾಡಿದ್ದಕ್ಕಾಗಿ ಕೆಲಸದಿಂದ ತೆಗೆಯಲಾಗಿದೆ.' ಅಮೋಲ್ ಠಸ್ಸೆ ಒತ್ತಿದ, ಒಂದು ಹೋಳಿಗೆ ತಿಂದು ಹೊರಟುಹೋದ.

ಬೆಳಿಗ್ಗೆ ಉಳಿಸಿದ್ದಕ್ಕೆ ಹೋಗಲಿದ್ದ ನೌಕರಿ, ಸಂಜೆ ಸುಟ್ಟಿದ್ದಕ್ಕೆ ಹೋಗಿತ್ತು. ಪರಪ್ಪ ಬಾಯಲ್ಲಿದ್ದ ಹೋಳಿಗೆ ನುಂಗಲೂ ಆರದೆ ಉಗುಳಲೂ ಆರದೆ ನಿಂತ. ಸಾಹುಕಾರರು ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು.

"ಬ್ಯಾಸರ ಮಾಡ್ಕೋಬ್ಯಾಡ ಪರಪ್ಪಾ. ಅಮಾಸಿ ದಿನ ಆಣಿ ಮಾಡಿ ಹೇಳತೀನಿ, ನಿನ್ನ ಜಾಗಾಕ್ಕ ಬ್ಯಾರೇ ಯಾರನ್ನೂ ತಗೊಳ್ಳಂಗಿಲ್ಲ."

ಪರಪ್ಪನ ಕಣ್ಣು ತುಂಬಿ ಬಂತು. ಅಂತೂ ಜಾಗ ಕಾದಿಡುತ್ತಾರೆ. ಈ ಗದ್ದಲ ತಣ್ಣಗಾದ ಮೇಲೆ ಕರೆಸಿಕೊಳ್ಳುತ್ತಾರೆ. ಅವನು ಸಾಹುಕಾರರ ಕಾಲು ಮುಟ್ಟಲು ಬಗ್ಗಿದ.

"ತಗೊಂಡು ಏನ್ ಮಾಡೂದೈತಿ?" ಎಂದರು ಸಾಹುಕಾರರು, ಅವನನ್ನು ಪ್ರೀತಿಯಿಂದ ಎಬ್ಬಿಸುತ್ತ. "ನೀ ಇಲ್ಲಾಂದ್ರ ಇಲ್ಲಿ ಲೈಟ್ ಆರಸಾವ್ರ ಯಾರೂ ಇರಂಗಿಲ್ಲ. ಮುಂದಿನ ವರ್ಷ ಹತ್ತು ಲಕ್ಷ ತಾವ ತುಂಬತಾವ."